ಹಸಿದ ಮಗುವಿನೊಂದಿಗೆ ಕೆಂಗೇರಿಯಿಂದ ರಾಜಾಜಿನಗರಕ್ಕೆ

ಬೆಳಿಗ್ಗೆ ಒಂಬತ್ತು ಗಂಟೆಗೆ ಕೆಂಗೇರಿಯ ಮನೆ ಬಿಟ್ಟೆವು. ನಾನು, ನನ್ನ ಮಗಳು ಸುಮಾ, ಅವಳ ಎರಡೂವರೆ ತಿಂಗಳ ಗಂಡುಮಗು. ಏಳನೆಯ ತಿಂಗಳಲ್ಲೇ ಹುಟ್ಟಿದವನು. ತೂಕ ಇನ್ನೂ ಎರಡೂವರೆ ಕೆ.ಜಿ. ದಾಟಿರಲಿಲ್ಲ. ರಾಜಾಜಿನಗರದ ಆಸ್ಪತ್ರೆಯಲ್ಲಿ ಹನ್ನೊಂದು ಗಂಟೆಗೆ ಅವನು ಹಾಲು ಹೇಗೆ ನುಂಗುತ್ತಾನೆ ಎಂಬ ಪರೀಕ್ಷೆ ಇತ್ತು. ದೂರ ಹೆಚ್ಚೆಂದರೆ ಹದಿನೈದು ಕಿಲೋಮೀಟರ್. ಕಾಶಿಗೆ ಹೋಗಿಬಂದಾಗಲೂ ನಾನು ಇಷ್ಟು ಹೆದರಿರಲಿಲ್ಲ, ದಾರಿಯಲ್ಲಿ ಇಷ್ಟು ಜಗಳವನ್ನೂ ಆಡಿರಲಿಲ್ಲ.

ಮಗುವಿಗೆ ಮೊಲೆ ಚೀಪುವ ಶಕ್ತಿ ಸಾಲದು. ಸುಮಾ ಹಾಲು ಹಿಂಡಿ ಕೊಡುತ್ತಿದ್ದಳು, ನಾನು ಕೊಕ್ಕಿನ ಪುಟ್ಟ ಬಟ್ಟಲು, ಒಳಲೆಯಲ್ಲಿ ಕುಡಿಸುತ್ತಿದ್ದೆ. ಕುಡಿಯುವಾಗ ಕೆಮ್ಮುತ್ತಿದ್ದ. ನೆತ್ತಿಗೆ ಹತ್ತಿತು, ಯಾರೋ ನೆನೆಸಿಕೊಂಡರು ಎಂದು ನೆತ್ತಿ ತಟ್ಟಿ ಊದುತ್ತಿದ್ದೆ. ಎರಡೂವರೆ ತಿಂಗಳ ಕೂಸನ್ನು ದಿನಕ್ಕೆ ಎಂಟು ಸಲ ನೆನೆಸಿಕೊಳ್ಳುವಷ್ಟು ಪರಿಚಯದವರು ಯಾರಿದ್ದರೋ, ಅದನ್ನು ನಾನು ಯೋಚಿಸಲಿಲ್ಲ. ಕೊನೆಗೆ ನಿಮೋನಿಯಾ ಆಗಿ ಒಂಬತ್ತು ದಿನ ವಾರ್ಡಿನಲ್ಲಿ ಮಲಗಿದ. ಹಾಲು ಶ್ವಾಸಕೋಶಕ್ಕೆ ಇಳಿಯುತ್ತಿರಬಹುದು ಎಂದರು ಡಾಕ್ಟರು. ಹೌದಾದರೆ, ಹುಟ್ಟಿದಾಗ ಮೂಗಿಗೆ ಹಾಕಿ ತೆಗೆದಿದ್ದ ಹಾಲಿನ ನಳಿಕೆಯನ್ನು ಮತ್ತೆ ಹಾಕಬೇಕು. ಸುಮಾ ಆ ಮಾತು ಕೇಳಿದಾಗಿನಿಂದ ಸರಿಯಾಗಿ ಊಟ ಮಾಡಿರಲಿಲ್ಲ.

ಹಿಂದಿನ ವಾರವೇ ಒಮ್ಮೆ ಹೋಗಿ ಮರ್ಯಾದೆ ಕಳೆದುಕೊಂಡು ಬಂದಿದ್ದೆವು. ನಾಲ್ಕು ಜನರ ಮುಂದೆ ಮಗು ಅಳಬಾರದೆಂದು ನಾನು ಹೊಟ್ಟೆ ಬಿರಿಯುವಷ್ಟು ಕುಡಿಸಿ ಕರೆದೊಯ್ದಿದ್ದೆ. ಪರೀಕ್ಷೆ ಮಾಡುವ ಸ್ಪೀಚ್ ಥೆರಪಿಸ್ಟ್ ಹುಡುಗಿ ಅವನ ಕೆನ್ನೆ ಸವರಿದಳು, ಪಾದ ಕೆರೆದಳು. ಅವನು ಕಣ್ಣೇ ಬಿಡಲಿಲ್ಲ. "ಹೊಟ್ಟೆ ತುಂಬಿಸ್ಕೊಂಡು ಬಂದ್ರೆ ನಾನೇನು ನೋಡ್ಲಿ ಆಂಟಿ? ಹಸಿದಿರೋ ಮಗು ಬೇಕು ನನಗೆ" ಎಂದಳು. ಮಾತು ಕಲಿಸುವವಳಿಗೆ ನುಂಗುವುದರ ಉಸಾಬರಿ ಏಕೆ ಎಂದು ದಾರಿಯುದ್ದಕ್ಕೂ ಗೊಣಗಿದ್ದೆ.

ಆದ್ದರಿಂದ ಈ ಸಲ ಏಳು ಗಂಟೆಗೆ ಕೊನೆಯ ಹಾಲು. ಹನ್ನೊಂದರವರೆಗೆ ಒಂದು ತೊಟ್ಟೂ ಇಲ್ಲ. ಇಂದ್ರ ಚಂದ್ರ ಬಂದು ಕೇಳಿದರೂ ಇಲ್ಲ ಎಂದು ತೀರ್ಮಾನಿಸಿಯೇ ಮೆಟ್ರೋ ಹತ್ತಿದೆ.

ಪಟ್ಟಣಗೆರೆಯಲ್ಲಿ ಮಗು ಮಿಸುಕಿತು. ನಾಯಂಡಹಳ್ಳಿ ಬರುವಷ್ಟರಲ್ಲಿ ಅಳು ಇಡೀ ಬೋಗಿಗೆ ಕೇಳುತ್ತಿತ್ತು. ಎದುರಿಗಿದ್ದ ಹೆಂಗಸು ಮುಂದಕ್ಕೆ ಬಾಗಿ, "ಹಸಿವು ಕಣಮ್ಮ ಅದಕ್ಕೆ. ಸೆರಗು ಮುಚ್ಕೊಂಡು ಕುಡ್ಸು, ಯಾರೂ ನೋಡಲ್ಲ" ಎಂದಳು.

"ಹಸಿವು ಅಂತ ಗೊತ್ತು. ಹನ್ನೊಂದು ಗಂಟೆವರೆಗೂ ಕೊಡಲ್ಲ" ಎಂದೆ.

ಕೊರಳಿಗೆ ಆಫೀಸಿನ ಕಾರ್ಡು ನೇತುಹಾಕಿಕೊಂಡಿದ್ದ ಒಬ್ಬ, "ಏನ್ ಆಂಟಿ, ಮಗುಗೂ ಉಪವಾಸನಾ?" ಎಂದ.

"ಹೂಂ. ಇವತ್ತು ಅವನಿಗೆ ಪರೀಕ್ಷೆ. ಹಸಿದಿದ್ರೇನೇ ಒಳಗೆ ಬಿಡೋದು. ನೀವು ಕೆಲಸಕ್ಕೆ ಹೊರಟಿದೀರಲ್ಲ, ಅದು ನೋಡ್ಕೊಳ್ಳಿ."

ಬೋಗಿಯವರೆಲ್ಲ ನನ್ನನ್ನು ಪೂತನಿಯ ಹಾಗೆ ನೋಡಿದರು. ನಾನೂ ಒಬ್ಬೊಬ್ಬರನ್ನೇ ತಿರುಗಿ ನೋಡಿದೆ. ಅತ್ತಿಗುಪ್ಪೆಯ ಹತ್ತಿರ ಸುಮಾಳ ರವಿಕೆ ಹಾಲಿನಿಂದ ಒದ್ದೆಯಾಗಿತ್ತು. "ಅಮ್ಮ, ಒಂದೇ ಒಂದು ಗುಟುಕು" ಎಂದಳು. "ಬೇಡ ಕಣೇ. ಇವತ್ತೂ ವಾಪಸ್ ಕಳಿಸಿದ್ರೆ ಏನ್ಮಾಡ್ತೀಯಾ?" ಎಂದು ಮಗುವನ್ನು ಅವಳಿಂದ ತೆಗೆದುಕೊಂಡೆ.

ವಿಜಯನಗರದಲ್ಲಿ ಇಳಿದು ಆಟೋ ಹಿಡಿದೆವು. ಮೀಟರ್ ಹಾಕುವುದಿಲ್ಲ, ನೂರೈವತ್ತು ಎಂದ. ಬಿಸಿಲು ಚುರುಗುಟ್ಟುತ್ತಿತ್ತು, ಒಪ್ಪಿಕೊಂಡೆ. ಬಸವೇಶ್ವರನಗರದ ಸಿಗ್ನಲ್ಲಿನಲ್ಲಿ ಅವನೂ ತಡೆಯಲಾರದೆ ಹಿಂತಿರುಗಿ, "ಹೋಟ್ಲತ್ರ ನಿಲ್ಲಿಸ್ಲಾ ಅಮ್ಮ? ಬಿಸಿನೀರು ಸಿಗುತ್ತೆ, ಹಾಲು ಕಲಸ್ಕೊಳ್ಳಿ" ಎಂದ. "ನಿಲ್ಲಿಸಿದ್ರೆ ಒಂದು ಕಾಸೂ ಕೊಡಲ್ಲ" ಎಂದೆ. ಅವನು ಆಸ್ಪತ್ರೆಯ ಬಾಗಿಲಲ್ಲೇ ಗಾಡಿ ನಿಲ್ಲಿಸಿದ.

ಹನ್ನೊಂದಕ್ಕೆ ಸರಿಯಾಗಿ ಕರೆದರು. ಅದೇ ಹುಡುಗಿ ಕೈಗವಸು ಹಾಕಿಕೊಂಡು ಮಗುವಿನ ಬಾಯಿಗೆ ಬೆರಳಿಟ್ಟಳು. ಹಸಿದವನು ಗಬಕ್ಕನೆ ಹಿಡಿದ. "ಇವತ್ತು ಚೆನ್ನಾಗಿದೀಯಲ್ಲೋ" ಎಂದು ನಕ್ಕಳು. ಆಮೇಲೆ, "ಮನೇಲಿ ಯಾರು ಕುಡಿಸ್ತಾರೋ ಅವರೇ, ಹೇಗೆ ಕುಡಿಸ್ತಾರೋ ಹಾಗೇ ಕುಡಿಸಿ" ಎಂದಳು.

ಸುಮಾ ನೆಲ ನೋಡಿದಳು. ನನ್ನ ಹೆಸರು ಹೇಳಲಿಲ್ಲ. ಒಳಲೆಗೆ ತಾನೇ ಕೈ ಚಾಚಿದಳು.

"ನಾನೇ ಕುಡಿಸೋದು" ಎಂದೆ. "ಮೂರು ಮಕ್ಕಳನ್ನ ಹೀಗೇ ಸಾಕಿದೀನಿ." ನೆಲದ ಮೇಲೆ ಕುಳಿತು ಕಾಲು ನೀಡಿ, ಮಗುವನ್ನು ಕಾಲ ಮೇಲೆ ಮಲಗಿಸಿ, ಕೆನ್ನೆ ಒತ್ತಿ, ಒಳಲೆ ಬಗ್ಗಿಸಿದೆ. ಥೆರಪಿಸ್ಟ್ ಹುಡುಗಿ ಮಗುವಿನ ಕತ್ತಿಗೆ ಸ್ಟೆಥಾಸ್ಕೋಪು ಇಟ್ಟು ಆಲಿಸಿದಳು. ಮೂರನೆಯ ಗುಟುಕಿಗೇ ನನ್ನ ಕೈ ತಡೆದು, ಅದನ್ನು ನನ್ನ ಕಿವಿಗೆ ಹಾಕಿದಳು.

ನಲ್ಲಿಯಲ್ಲಿ ನೀರು ಬರುವ ಮುಂಚೆ ಆಗುವಂಥ ಗೊರಗೊರ. ಉಸಿರಿನ ಜೊತೆಗೇ ಹಾಲೂ ಸದ್ದು ಮಾಡುತ್ತಿತ್ತು. ನನ್ನ ಮಕ್ಕಳು ಮೂವರೂ ತಿಂಗಳು ತುಂಬಿ ಹುಟ್ಟಿದವರು, ಇವನಲ್ಲ. ಅವನನ್ನು ನಿಮೋನಿಯಾ ವಾರ್ಡಿಗೆ ಕಳಿಸಿದ್ದು ನನ್ನ ಕೈಯೇ ಇರಬೇಕು ಎನಿಸಿ ಒಳಲೆ ಕೆಳಗಿಟ್ಟೆ.

"ಒಳಲೆ ತಪ್ಪಲ್ಲ ಆಂಟಿ. ಉಸಿರಾಡೋಕೆ ಬಿಡದೆ ಸುರೀತಿದೀರ" ಎಂದಳು ಅವಳು.

"ಸರಿಯಾಗಿ ಹೇಳ್ಕೊಡಮ್ಮ, ಕಲೀತೀನಿ" ಎಂದೆ. "ನಾನು ಕಲಿಯೋವರೆಗೂ ಟ್ಯೂಬ್ ಮಾತು ಎತ್ತಬೇಡ."

ಮಗುವನ್ನು ಅರ್ಧ ಕೂರಿಸಿ ಹಿಡಿಸಿದಳು. ಒಳಲೆ ಕೆಳತುಟಿಗೆ ತಾಗಿಸಿ ಸುಮ್ಮನಿರುವುದು, ಅವನೇ ಎಳೆದುಕೊಳ್ಳಬೇಕು. ಒಂದು ಗುಟುಕು, ಒಂದು ಉಸಿರು, ಆಮೇಲೆ ಇನ್ನೊಂದು. ಎರಡು ಸಲ ಅವಸರ ಮಾಡಿದೆ, ಎರಡು ಸಲವೂ ಕೈ ಹಿಡಿದಳು. ಕೊನೆಗೆ ಅವಳು ಮತ್ತೆ ಕತ್ತಿಗೆ ಸ್ಟೆಥಾಸ್ಕೋಪು ಇಟ್ಟು ಬಹಳ ಹೊತ್ತು ಕೇಳಿದಳು. "ಈಗ ಕ್ಲೀನಾಗಿದೆ. ಸದ್ಯಕ್ಕೆ ಟ್ಯೂಬ್ ಬೇಡ. ಕೆಮ್ಮಿದ್ರೆ ತಕ್ಷಣ ನಿಲ್ಲಿಸಿ, ಫೋನ್ ಮಾಡಿ. ಹದಿನೈದು ದಿನ ಬಿಟ್ಟು ಬನ್ನಿ." ಸುಮಾ ಗೋಡೆಗೆ ಒರಗಿ ಅತ್ತಳು.

ಫೈಲು, ಔಷಧಿ ಎಂದು ಅಲೆದು ವಿಜಯನಗರದ ಪ್ಲಾಟ್‌ಫಾರಂ ತಲುಪಿದಾಗ ಎರಡಾಗಿತ್ತು. ಮುಂದಿನ ಹಾಲಿನ ಹೊತ್ತು. ಬೆಂಚಿನ ಮೇಲೆ ಕುಳಿತು ಮಗುವನ್ನು ಅರ್ಧ ಕೂರಿಸಿಕೊಂಡೆ. ಒಂದು ಗುಟುಕು, ಒಂದು ಉಸಿರು. ಕೆಂಗೇರಿಯ ರೈಲು ಬಂದು ಹೋಯಿತು. ಇನ್ನೊಂದು ಬಂತು, ಅದೂ ಹೋಯಿತು. ಕಾವಲಿನವನು ಬಂದು, "ಅಮ್ಮ, ಇಲ್ಲಿ ಜಾಸ್ತಿ ಹೊತ್ತು ಕೂರೋ ಹಾಗಿಲ್ಲ. ರೈಲು ಬಂತು ನೋಡಿ, ಹತ್ತಿ" ಎಂದ.

ನಾನು ತಲೆ ಎತ್ತಲಿಲ್ಲ. ಕಣ್ಣು ಮಗುವಿನ ಗಂಟಲಿನ ಮೇಲಿತ್ತು.

"ಹೋಗ್ಲಿ ಬಿಡಪ್ಪ" ಎಂದೆ. "ಇವನು ಉಸಿರು ತಗೋತಿದಾನೆ."