ಜೇಬಿಗೊಂದು ಮುಷ್ಟಿ

ರಾಯದುರ್ಗದ ಜೀನ್ಸ್ ಹೊಲಿಗೆ ಘಟಕವೊಂದರಲ್ಲಿ ಹೊಸಬರಿಗೆ ಕಲಿಸುವ ಕೆಲಸ ನನ್ನದು. ತರಬೇತಿಗೆ ಮುಂಚೆ ‘ಕಲಿಕೆಯ ಗುರಿಗಳು’ ಅಂತ ಒಂದು ಹಾಳೆ ಬರೆದುಕೊಡಬೇಕು. ಮುಗಿದ ಮೇಲೆ ಕಲಿತವರಿಗೆ ಏನೇನು ಬರಬೇಕು ಅನ್ನುವ ಪಟ್ಟಿ. ಮೊದಲ ಸಲ ಬರೆಯುವಾಗ ನನಗೆ ಭಾರೀ ಜಂಬ. ‘ಮಷೀನಿನ ಎಲ್ಲ ಭಾಗಗಳ ಇಂಗ್ಲಿಷ್ ಹೆಸರು ಹೇಳಬಲ್ಲರು’ ಅಂತ ಮೊದಲ ಸಾಲಿಗೇ ಜಡಿದೆ. ಮ್ಯಾನೇಜರು ಮೆಚ್ಚಿದರು, ನಾನು ಉಬ್ಬಿಹೋದೆ.

ಪರೀಕ್ಷೆಯ ದಿನ ಆ ಸಾಲಿಗೆ ಸಿಕ್ಕಿಬಿದ್ದವಳು ನೇಮಕಲ್ಲಿನಿಂದ ಬರುತ್ತಿದ್ದ ಹೆಂಗಸು. ಹೊಲಿಗೆಯಲ್ಲಿ ಅವಳನ್ನು ಮೀರಿಸುವವರಿರಲಿಲ್ಲ. ಭಾಗಗಳ ಹೆಸರು ಕೇಳಿದರೆ ಮಾತ್ರ ಸೆರಗು ಹಿಂಡುತ್ತ ನಿಂತಳು. ಗುರಿ ಮುಟ್ಟದವರಿಗೆ ಕೆಲಸವಿಲ್ಲ ಅನ್ನುವುದು ನಿಯಮ.

“ಮನಿಗೆ ಹೋಗಿ ಏನಂತ ಹೇಳ್ಲಿ ಮೇಡಂ?” ಅಂದಳು. ನಾಳೆ ಬನ್ನಿ ಅಂತ ಸಾಗಹಾಕಿದೆ.

ಸಂಜೆ ಮನಸ್ಸು ತಡೆಯದೆ ಅವಳು ಹೊಲಿದ ಜೇಬಿನ ತುಂಡನ್ನು ಚೀಲಕ್ಕೆ ಹಾಕಿಕೊಂಡು ನನ್ನ ಮಾಸ್ಟರ ಮನೆಗೆ ಹೋದೆ. ಮಡಕಶಿರಾ ಕಡೆಯ ಹಳ್ಳಿಯಿಂದ, ಕಡಲೆಕಾಯಿ ಬಿಡಿಸುವುದು ಬಿಟ್ಟರೆ ಏನೂ ಬಾರದ ಸೊಸೆಯಾಗಿ ಈ ಊರಿಗೆ ಬಂದಾಗ ನನಗೆ ಹೊಲಿಗೆ ಕಲಿಸಿದವರು ಅವರು. ಅಯ್ಯೋ, ಆ ದಿನಗಳು! ಪಡಸಾಲೆಯಲ್ಲಿ ಎರಡು ಮಷೀನು, ಹೊಸ ಬಟ್ಟೆಯ ಘಾಟು, ಬೆರಳಿಗೆಲ್ಲ ನೀಲಿ ಬಣ್ಣ. “ಯವ್ವಾ, ರಾಗಿ ಮುದ್ದಿ ತಿರುವೋ ಕೈ ಐತಿ, ಸೂಜಿ ಮುರದೀತು” ಅಂತ ಕಾಡುತ್ತಿದ್ದರು. ಬೆಳಿಗ್ಗೆ ಒಂದೇ ಮಾತು: “ಸಂಜಿಗೆ ನಾ ಮುಷ್ಟಿ ಹಾಕಿ ಜಗ್ಗತೀನಿ. ಜೇಬು ಕಿತ್ತು ಬರಬಾರ್ದು. ಅಷ್ಟ.” ಸಂಜೆ ಜಗ್ಗುತ್ತಿದ್ದರು, ಕಿತ್ತು ಬರುತ್ತಿತ್ತು. ನಾನು ಅಳುತ್ತಿದ್ದೆ, ಅವರ ಹೆಂಡತಿ ಚಹಾ ಕೊಡುತ್ತಿದ್ದರು. ಕಿತ್ತು ಬಾರದ ದಿನ ಮಾಸ್ಟರು ತಮ್ಮ ಮಷೀನಿನ ಮುಂದಿನ ಸ್ಟೂಲನ್ನು ನನ್ನ ಕಡೆ ತಳ್ಳಿದರು. ಆ ಸ್ಟೂಲಿನ ಮೇಲೆ ಕೂತ ಸುಖ ಈಗಿನ ಕುರ್ಚಿಯಲ್ಲಿಲ್ಲ.

ನಡೆದದ್ದನ್ನೆಲ್ಲ ಹೇಳಿದೆ. ಮಾಸ್ಟರು ತುಂಡನ್ನು ಕಣ್ಣಿನ ಹತ್ತಿರ ಹಿಡಿದು ನೋಡಿದರು, ಮುಷ್ಟಿ ಹಾಕಿ ಜಗ್ಗಿದರು. ಹೊಲಿಗೆ ಕದಲಲಿಲ್ಲ.

“ಇಂಥಾಕಿನ್ನ ಯಾಕ ಫೇಲ್ ಮಾಡಿದಿ?”

“ಭಾಗಗಳ ಹೆಸ್ರು ಹೇಳ್ಲಿಲ್ಲ ಮಾಸ್ಟ್ರೇ.”

“ನನಗೂ ಬರಂಗಿಲ್ಲಲ್ಲವ್ವ. ನನ್ನನ್ನೂ ಫೇಲ್ ಮಾಡಿಬಿಡು.”

ನಗುತ್ತಲೇ ಹೇಳಿದರು. ನನಗೆ ನಾಚಿಕೆಯಿಂದ ತಲೆ ಎತ್ತಲಾಗಲಿಲ್ಲ.

ಮರುದಿನ ಮ್ಯಾನೇಜರ ಎದುರೇ ಆ ಸಾಲು ಹೊಡೆದುಹಾಕಿ ಬರೆದೆ: ‘ಹೊಲಿದ ಜೇಬು ಮುಷ್ಟಿ ಹಾಕಿ ಜಗ್ಗಿದರೂ ಕಿತ್ತು ಬರಬಾರದು.’ ಓದಿ ಮುಖ ಸಿಂಡರಿಸಿದರು.

“ಹಾಳೆ ಚೆಂದ ಇರ್ಬೇಕೋ, ಜೇಬು ಗಟ್ಟಿ ಇರ್ಬೇಕೋ ಸಾರ್?” ಅಂದುಬಿಟ್ಟೆ. ಗೊಣಗುತ್ತ ಸಹಿ ಹಾಕಿದರು.

ನೇಮಕಲ್ಲಿನವಳು ಬಂದಳು, ಹೊಸ ಜೇಬು ಹೊಲಿದು ತಂದು ನನ್ನ ಮುಂದೆ ನಿಂತಳು. ಮುಷ್ಟಿ ಹಾಕಿ, ನನ್ನ ಮೇಲೆ ನನಗೇ ಇದ್ದ ಸಿಟ್ಟನ್ನೆಲ್ಲ ಸೇರಿಸಿ ಜಗ್ಗಿದೆ. ಒಂದು ಎಳೆಯೂ ಬಿಚ್ಚಲಿಲ್ಲ. ನನ್ನ ಕಣ್ಣು ತುಂಬಿ ಬಂತು.

“ಯಾಕ್ರಿ ಮೇಡಂ, ಈ ಸಲಾನೂ ಫೇಲೇನ್ರಿ?” ಅಂತ ಹೆದರಿ ಕೇಳಿದಳು.

ಮಷೀನಿನ ಮುಂದಿನ ಸ್ಟೂಲನ್ನು ಅವಳ ಕಡೆ ತಳ್ಳಿದೆ.