ಕಲ್ಲಿನಲ್ಲಿ ಹೆಸರಿದ್ದವಳ ಓಟು

ವರ್ಲೀನ್ ಸ್ಟಬ್ಸ್ ಸತ್ತಿದ್ದಾಳೆಂಬ ಕಾಗದ ಬಂದದ್ದು ಒಂದು ಮಂಗಳವಾರ. ಬಂದದ್ದು ಅವಳ ಹೆಸರಿಗೇ.

ಟಪಾಲು ಡಬ್ಬಿಯ ಹತ್ತಿರ ನಿಂತೇ ಎರಡು ಸಲ ಓದಿದಳು. ನೀವು ಮೃತರಾಗಿದ್ದೀರೆಂದು ಒಬ್ಬ ಮತದಾರರು ತಕರಾರು ಸಲ್ಲಿಸಿದ್ದಾರೆ, ಮುಂದಿನ ಗುರುವಾರ ಬೆಳಿಗ್ಗೆ ಹತ್ತಕ್ಕೆ ಕೌಂಟಿಯ ಚುನಾವಣಾ ಮಂಡಳಿಯೆದುರು ಹಾಜರಾಗಬೇಕು, ತಪ್ಪಿದರೆ ಪಟ್ಟಿಯಿಂದ ಹೆಸರು ತೆಗೆಯಲಾಗುವುದು.

ಹಾಯ್ಟ್ ಹೋಗಿ ಐದು ತಿಂಗಳಾಗಿತ್ತು. ಗಂಡ ಹೋದದ್ದು ನಿಜ, ಇವಳು ಹೋದದ್ದು ಸುಳ್ಳು. ಕೆಲವು ದಿನ ಬೆಳಿಗ್ಗೆ ಎದ್ದಾಗ ಅದು ಅವಳಿಗೇ ಸರಿಯಾಗಿ ಗೊತ್ತಾಗುತ್ತಿರಲಿಲ್ಲ. ಈ ಕಾಗದ ಓದಿದ ಮೇಲೆ ಗೊತ್ತಾಯಿತು.

ಅವಳಿಗೆ ಎಪ್ಪತ್ತೆರಡು. ಎಂಟನೇ ತರಗತಿಗೆ ಶಾಲೆ ಬಿಟ್ಟು ಕಾಲುಚೀಲದ ಮಿಲ್ಲಿಗೆ ಹೋದಳು. ಮಿಲ್ಲು ಮುಚ್ಚಿದ ಮೇಲೆ ಶಾಲೆಯ ಅಡುಗೆಮನೆ ಸೇರಿ ಇಪ್ಪತ್ತೊಂಬತ್ತು ವರ್ಷ ಊರಿನ ಮಕ್ಕಳಿಗೆಲ್ಲ ಬಡಿಸಿದಳು. ಹಾಯ್ಟ್ ಮರದ ದಿಮ್ಮಿ ಸಾಗಿಸುವ ಲಾರಿ ಓಡಿಸುತ್ತಿದ್ದ. ಗಂಡಹೆಂಡತಿ ನಲವತ್ತೆಂಟು ವರ್ಷ ಒಂದೇ ಪಿಕಪ್ಪಿನಲ್ಲಿ ಹೋಗಿ ಬೇರೆ ಬೇರೆ ಪಕ್ಷಕ್ಕೆ ಓಟು ಹಾಕಿದರು. ಹೊರಗೆ ಬಂದ ಕೂಡಲೇ ಅವನು, "ನಿನ್ನ ಓಟು ಅಳಿಸ್ಬಿಟ್ಟೆ ಮುದುಕಿ, ನಡಿ ಮೀನು ತಿನ್ನೋಣ" ಅನ್ನುತ್ತಿದ್ದ.

ಈಚೆಗೆ ಅಮೆರಿಕದ ಜಾರ್ಜಿಯಾ ರಾಜ್ಯದ ಈ ಮೂಲೆಯಲ್ಲೂ ಅಂಥ ತಮಾಷೆ ನಿಂತುಹೋಗಿತ್ತು. ಟಿವಿ ಹಾಕಿದರೆ ಲಾಯರುಗಳು. ಯಾವ ನ್ಯಾಯಾಧೀಶ ಯಾರ ಕಡೆ, ಯಾರ ಮೇಲೆ ಯಾವ ಕೇಸು, ಯಾರು ಓಟು ಕದ್ದರು. ಚರ್ಚಿನಲ್ಲಿ ಅಣ್ಣತಮ್ಮಂದಿರು ಬೇರೆ ಬೇರೆ ಬೆಂಚಿಗೆ ಹೋದರು. ಹಾಯ್ಟ್ ಒಂದು ಚಾನೆಲ್ ನೋಡುತ್ತಿದ್ದ, ವರ್ಲೀನ್ ಇನ್ನೊಂದು. ಜಗಳ ಅತಿಯಾದರೆ ಅವಳು ಎದ್ದು ಟಿವಿಯ ವೈರು ಕೀಳುತ್ತಿದ್ದಳು. ಅವನು ಅದನ್ನು ಮತ್ತೆ ಹಾಕುತ್ತಿರಲಿಲ್ಲ.

ಅವಳು ಚುನಾವಣಾ ಕಚೇರಿಗೆ ಫೋನ್ ಮಾಡಿದಳು. ಎತ್ತಿದವಳು ಗುಮಾಸ್ತೆ ಕೋರಲಿ, ಶಾಲೆಯಲ್ಲಿ ಇವಳ ಕೈಯಡುಗೆ ತಿಂದು ಬೆಳೆದವಳು. ಮದುವೆಯಾಗಿದ್ದರೂ ಹಿರಿಯ ಹೆಂಗಸರನ್ನು ಮಿಸ್ ಅನ್ನುವುದು ಆ ಕಡೆಯ ರೂಢಿ.

"ಅಯ್ಯೋ ಮಿಸ್ ವರ್ಲೀನ್, ನೀವು ವಿಚಾರಣೆಗೆಲ್ಲ ಬರ್ಬೇಡಿ. ಲೈಸೆನ್ಸ್ ತಂದು ತೋರ್ಸಿ, ನಾನೇ ಸರಿ ಮಾಡ್ತೀನಿ."

"ತಕರಾರು ಹಾಕ್ದೋರು ಯಾರೇ?"

"ಡಿವಿಟ್ ಕ್ರಮ್ಲಿ."

ಡಿವಿಟ್ ಹಾಯ್ಟ್‌ನ ಮೀನು ಹಿಡಿಯುವ ಗೆಳೆಯ. ಐದು ತಿಂಗಳ ಹಿಂದೆ ಅವನ ಶವಪೆಟ್ಟಿಗೆಗೆ ಹೆಗಲು ಕೊಟ್ಟ ಆರು ಜನರಲ್ಲಿ ಒಬ್ಬ.

"ನಾನು ಸತ್ತೆ ಅಂತ ಅವನಿಗೆ ಯಾರು ಹೇಳಿದ್ರು?"

"ಗೋರಿಕಲ್ಲು, ಮಿಸ್ ವರ್ಲೀನ್. ಸ್ಮಶಾನದ ಕಲ್ಲುಗಳ ಫೋಟೋ ಎಲ್ಲ ಇಂಟರ್ನೆಟ್ಟಲ್ಲಿ ಇರುತ್ತಲ್ಲ. ಅದರಲ್ಲಿರೋ ಹೆಸ್ರನ್ನ ಮತದಾರರ ಪಟ್ಟಿ ಪಕ್ಕ ಇಟ್ಟು ಕಂಪ್ಯೂಟರಲ್ಲಿ ತಾಳೆ ನೋಡಿದಾರೆ. ನೂರ ಅರವತ್ಮೂರು ಹೆಸ್ರು ಕೊಟ್ಟಿದಾರೆ."

ವರ್ಲೀನ್‌ಗೆ ಅರ್ಥವಾಯಿತು. ಎಲ್ಲರ ಹಾಗೆ ಅವರೂ ಜೋಡಿ ಕಲ್ಲು ಹಾಕಿಸಿದ್ದರು. ಎಡಕ್ಕೆ ಹಾಯ್ಟ್, ಬಲಕ್ಕೆ ವರ್ಲೀನ್. ಅವನ ಹೆಸರಿನ ಕೆಳಗೆ ಎರಡು ಇಸವಿ. ಅವಳ ಹೆಸರಿನ ಕೆಳಗೆ ಹುಟ್ಟಿದ ಇಸವಿ, ಒಂದು ಗೆರೆ, ಆಮೇಲೆ ಬರೀ ಕಲ್ಲು. ಆ ಖಾಲಿ ಜಾಗವನ್ನು ಕಂಪ್ಯೂಟರು ನೋಡಿರಲಿಲ್ಲ. ಹಾಯ್ಟ್ ಮಾತ್ರ ಅದಕ್ಕೆ ಸಿಕ್ಕಿರಲಿಲ್ಲ. ಸರ್ಕಾರಿ ಪಟ್ಟಿಯಲ್ಲಿ ಅವನು ಜೇಮ್ಸ್ ಹಾಯ್ಟ್, ಕಲ್ಲಿನ ಮೇಲೆ ಬರೀ ಹಾಯ್ಟ್. ಸತ್ತವನನ್ನು ಬಿಟ್ಟು ಬದುಕಿದವಳನ್ನು ಹಿಡಿದಿತ್ತು.

"ಗಂಡ ಸತ್ತೋರು, ಹೆಂಡ್ತಿ ಸತ್ತೋರು, ಎಲ್ಲಾರ್ದೂ ಇಂಥದೇ ಕಲ್ಲು ಕಣೇ. ಗುರುವಾರ ಬರ್ದೇ ಇದ್ರೆ?"

"ಬಂದೋರ ಹೆಸ್ರು ಉಳಿಯುತ್ತೆ. ಮಿಕ್ಕಿದ್ದೆಲ್ಲ ಮಂಡಳಿಯೋರು ಒಟ್ಟಿಗೆ ಓಟಿಗೆ ಹಾಕಿ ತೆಗೀತಾರೆ."

"ಆ ಪಟ್ಟಿ ನಂಗೊಂದು ಕೊಡು."

ಒಂಬತ್ತು ದಿನವಿತ್ತು. ಅವಳು ಹಾಯ್ಟ್‌ನ ಪಿಕಪ್ ಹೊರಗೆ ತೆಗೆದಳು. ಅವನು ಹೋದ ಮೇಲೆ ಅದನ್ನು ಮುಟ್ಟಿರಲಿಲ್ಲ. ಸೀಟು ಇನ್ನೂ ಅವನ ಕಾಲಿನ ಉದ್ದಕ್ಕೇ ಇತ್ತು. ಮುಂದಕ್ಕೆ ಎಳೆದುಕೊಂಡಳು. ಸ್ವಲ್ಪ ಅತ್ತಳು. ಆಮೇಲೆ ಗೇರು ಹಾಕಿದಳು.

ಮೊದಲ ದಿನ ಒಂಬತ್ತು ಬಾಗಿಲು ತಟ್ಟಿದಳು. ಆರು ಬಾಗಿಲನ್ನು ಸತ್ತವರೇ ಬಂದು ತೆಗೆದರು. ಕಾಗದ ಬಂದಿದ್ದರೂ ಯಾರೂ ಓದಿರಲಿಲ್ಲ. ಸರ್ಕಾರದ ಲಕೋಟೆ ನೋಡಿ ಹೆದರಿ ಡ್ರಾಯರಿಗೆ ತಳ್ಳಿದ್ದರು. ವಾರ ಕಳೆಯುವಷ್ಟರಲ್ಲಿ ನಲವತ್ತು ಮನೆಯಾಯಿತು. ಅಲ್ಲಿಗೆ ಅವಳ ಕೈಲಾಗಲಿಲ್ಲ, ಮಂಡಿ ಬಾತಿತ್ತು.

ಗುರುವಾರ ಮಂಡಳಿಯ ಮೂವರು ಮೇಜಿನ ಹಿಂದೆ ಕೂತಿದ್ದರು. ಅಧ್ಯಕ್ಷೆ ಒಡೆಸ್ಸಾ ಪಿಂಕ್‌ಸ್ಟನ್ ಹಿಂದೆ ದಾದಿಯಾಗಿದ್ದವಳು, ಮಾತು ಕಡಿಮೆ. ಡಿವಿಟ್ ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಕಂಪ್ಯೂಟರ್ ಹಿಡಿದು ಬಂದಿದ್ದ. ವರ್ಲೀನ್ ಒಳಗೆ ಬಂದಳು. ಅವಳ ಹಿಂದೆ ಕೋಲೂರಿಕೊಂಡು, ಒಬ್ಬರ ತೋಳು ಒಬ್ಬರು ಹಿಡಿದುಕೊಂಡು ಇಪ್ಪತ್ತಮೂರು ಜನ. ಕುರ್ಚಿ ಸಾಲದೆ ಕೋರಲಿ ಪಕ್ಕದ ಕೋಣೆಗೆ ಓಡಿದಳು.

"ಮಿಸ್ ವರ್ಲೀನ್, ಒಂದು ಫೋನ್ ಮಾಡಿದ್ರೆ ನಾನೇ ತಕರಾರಿನಿಂದ ನಿಮ್ಮ ಹೆಸ್ರು ತೆಗೀತಿದ್ನಲ್ಲ," ಎಂದ ಡಿವಿಟ್. ಮುಖ ಕೆಂಪಾಗಿತ್ತು.

"ಹಾಕೋಕ್ ಮುಂಚೆ ನೀನೊಂದು ಫೋನ್ ಮಾಡ್ಬೇಕಿತ್ತು. ನಂಬರ್ ಮರ್ತೋಯ್ತಾ?"

"ಕಂಪ್ಯೂಟರ್ ಕೊಟ್ಟಿದ್ದು ಅದು."

"ಪೆಟ್ಟಿಗೆ ಹೊತ್ತಿದ್ದು ಕಂಪ್ಯೂಟರಾ? ಅವತ್ತು ಎಷ್ಟು ಪೆಟ್ಟಿಗೆ ಹೊತ್ತೆ ಡಿವಿಟ್?"

"...ಒಂದು."

ಹಿಂದಿನ ಸಾಲಿನಲ್ಲಿ ಯಾರೋ ಕಿಸಕ್ಕೆಂದರು.

ಡಿವಿಟ್ ಎದ್ದು ನಿಂತ. "ಸತ್ತೋರ ಹೆಸ್ರಲ್ಲಿ ಓಟು ಬೀಳ್ಬಾರ್ದು. ನಾನು ಹೇಳ್ತಿರೋದು ಅಷ್ಟೇ. ಅದ್ರಲ್ಲಿ ತಪ್ಪೇನಿದೆ? ಹಾಯ್ಟ್ ಇದ್ದಿದ್ರೆ ನನ್ನ ಪಕ್ಕ ಕೂತಿರ್ತಿದ್ದ."

"ಕೂತಿರ್ತಿದ್ದ. ನನ್ನ ಹೆಸ್ರು ನೋಡಿದ್ರೆ ಎದ್ದೂ ಹೋಗ್ತಿದ್ದ." ಅವಳು ಚೀಲದಿಂದ ಒಂದು ಕಾಗದ ತೆಗೆದಳು. "ಸತ್ತೋರ ಹೆಸ್ರು ತೆಗೀಬೇಕು. ನಾನೂ ಅದೇ ಹೇಳೋದು. ಇದು ಹಾಯ್ಟ್‌ದು, ಮರಣ ಪತ್ರ, ಡಾಕ್ಟ್ರು ಸಹಿ ಹಾಕಿರೋದು. ಅವನ ಹೆಸ್ರು ಇನ್ನೂ ಪಟ್ಟೀಲಿದೆ. ತೆಗೀರಿ."

ಕಾಗದವನ್ನು ಮೇಜಿನ ಮೇಲೆ ಇಟ್ಟು ಒಡೆಸ್ಸಾಳ ಕಡೆ ಸರಿಸಿದಳು. ಡಿವಿಟ್ ನೆಲ ನೋಡುತ್ತಿದ್ದ.

ಒಡೆಸ್ಸಾ ಕಾಗದ ನೋಡಿ ಪಕ್ಕಕ್ಕಿಟ್ಟಳು. "ವರ್ಲೀನ್ ಸ್ಟಬ್ಸ್ ಹೆಸರು ಉಳಿಯುತ್ತೆ. ಮುಂದಿನದು, ಯೂಲಾ ಪೆಟಿಗ್ರೂ."

ಯೂಲಾಗೆ ತೊಂಬತ್ತೊಂದು, ಕಿವಿ ಮಂದ. "ಏನಂತೆ?" ಎಂದು ಪಕ್ಕದವಳನ್ನು ಕೇಳಿದಳು.

"ಸತ್ತಿದೀಯಾ ಅಂತ ಕೇಳ್ತಿದಾರೆ."

"ಇವತ್ತಾ? ಇವತ್ತಾಗಲ್ಲ. ಮೂರು ಗಂಟೆಗೆ ಕೂದ್ಲು ಸೆಟ್ ಮಾಡಿಸ್ಕೋಬೇಕು."

ಒಡೆಸ್ಸಾ ಕೂಡ ನಕ್ಕಳು. ಆಮೇಲೆ ಒಂದೊಂದೇ ಹೆಸರು ಕರೆದಳು. ಕರೆದವರೆಲ್ಲ ಎದ್ದು ನಿಂತರು, ಏಳಲಾಗದವರು ಕೈ ಎತ್ತಿದರು. ಇಪ್ಪತ್ತಮೂರೂ ಮುಗಿದಾಗ ಮಂಡಳಿಯ ಇನ್ನೊಬ್ಬ ಸದಸ್ಯ ಗಡಿಯಾರ ನೋಡಿದ. "ಉಳಿದವರು ಬಂದಿಲ್ಲ. ಒಟ್ಟಿಗೆ ಓಟಿಗೆ ಹಾಕಿ ಮುಗಿಸೋಣ."

ವರ್ಲೀನ್ ಕೂರಲಿಲ್ಲ. "ನಲವತ್ತು ಮನೆಗೆ ನಾನು ಹೋಗಿದ್ದೆ. ಇಪ್ಪತ್ತಾರು ಜನ ಬದುಕಿದಾರೆ. ಮೂವರಿಗೆ ಮಂಚದಿಂದ ಏಳೋಕಾಗಲ್ಲ, ಅವ್ರ ಸಹಿ ತಂದಿದೀನಿ. ಮಿಕ್ಕ ಮನೆಗೆ ಯಾರು ಹೋಗಿದೀರಿ?"

ಯಾರೂ ಹೋಗಿರಲಿಲ್ಲ.

ಒಡೆಸ್ಸಾ ಕನ್ನಡಕ ತೆಗೆದು ಡಿವಿಟ್‌ನನ್ನು ನೋಡಿದಳು. "ನೀವು ಹೋಗಿದ್ರಾ ಮಿಸ್ಟರ್ ಕ್ರಮ್ಲಿ? ಒಂದು ಮನೆಗಾದ್ರೂ?"

"ಇಲ್ಲ, ಮೇಡಂ." ಅವನು ಕಂಪ್ಯೂಟರ್ ಮುಚ್ಚಿದ. ಹಿಂದೆ ಕೂತಿದ್ದ ಮುದುಕಮುದುಕಿಯರತ್ತ ಒಂದು ಸಲ ತಿರುಗಿ ನೋಡಿದ. "ಹಿಂದಕ್ಕೆ ತಗೋತೀನಿ. ಎಲ್ಲಾನೂ. ಮನೆಮನೆಗೆ ಹೋಗಿ ನೋಡ್ಕೊಂಡು ಬರ್ತೀನಿ."

ವರ್ಲೀನ್ ತನ್ನ ಪಟ್ಟಿಯನ್ನು ಅವನ ಕೈಗೆ ಕೊಟ್ಟಳು. ಹೋದ ಮನೆಗಳಿಗೆಲ್ಲ ಪೆನ್ಸಿಲಿನಲ್ಲಿ ಗುರುತು ಹಾಕಿದ್ದಳು.

"ಬೆಳಿಗ್ಗೆ ಹೋಗು, ಮಧ್ಯಾಹ್ನ ಮಲಗಿರ್ತಾರೆ," ಎಂದಳು. "ಎದ್ದು ಬಂದು ಬಾಗ್ಲು ತೆಗೆಯೋಕೆ ಹೊತ್ತಾಗುತ್ತೆ. ಕಾಯಿ. ಸತ್ತಿದಾರೆ ಅಂತ ಬರ್ಕೊಂಡು ಬಂದ್ಬಿಡ್ಬೇಡ."