ಗೋಡೆಯ ಮೇಲಿಲ್ಲದ ವರ್ಷಗಳು

ನನಗೆ ಆ ಕೆಲಸ ಸಿಕ್ಕಿದ್ದು ಜರ್ಮನ್ ಬರುತ್ತದೆ ಎಂಬ ಒಂದೇ ಕಾರಣಕ್ಕೆ. ಧಾರವಾಡದಲ್ಲಿ ಎಂ.ಎ. ಓದುವಾಗ, ಸಂಜೆ ಬೇಗ ಮನೆಗೆ ಹೋಗುವುದು ತಪ್ಪಲಿ ಎಂದು ಸೇರಿಕೊಂಡ ತರಗತಿ ಅದು. ಮುಂದೆ ಬೆಂಗಳೂರಿನ ಒಂದು ಕಾರ್ಖಾನೆಯಲ್ಲಿ ಜರ್ಮನ್ ಪತ್ರಗಳನ್ನು ಇಂಗ್ಲಿಷಿಗೆ ತಿರುಗಿಸುವ ನೌಕರಿಗೆ ಉಪಯೋಗವಾಯಿತು. ತೊಂಬತ್ತರ ದಶಕದ ನಡುವೆ ಗಂಡ ಮತ್ತು ಮಗಳ ಜೊತೆ ಕೆನಡಾಕ್ಕೆ ಬಂದಮೇಲೆ ಅದನ್ನು ಯಾರೂ ಕೇಳಲಿಲ್ಲ. ಮಾಲ್ಟನ್ನಿನ ಒಂದು ಬೇಸ್‌ಮೆಂಟಿನಲ್ಲಿ ಇದ್ದುಕೊಂಡು ಮೂರು ವರ್ಷ ನಾನು ವಿಮಾನದ ಊಟದ ಡಬ್ಬಿಗಳಿಗೆ ಮುಚ್ಚಳ ಹಾಕಿದೆ. ಕೂತಲ್ಲಿ ಕೂರದ, ನಿಂತಲ್ಲಿ ನಿಲ್ಲದ ಸ್ವಭಾವ ನನ್ನದು. ಆ ಮೂರು ವರ್ಷ ಹೇಗೆ ಕಳೆದೆನೋ ಈಗ ನೆನೆದರೆ ಆಶ್ಚರ್ಯವಾಗುತ್ತದೆ.

ಆಮೇಲೆ ಮಿಸ್ಸಿಸಾಗಾದ ಒಂದು ಕಾರ್ ಡೀಲರ್‌ಶಿಪ್ಪಿನ ಸರ್ವೀಸ್ ಕೌಂಟರಿಗೆ ಅರ್ಜಿ ಹಾಕಿದೆ. ಅಲ್ಲಿ ಮಾರುತ್ತಿದ್ದದ್ದು ಜರ್ಮನಿಯ ಒಂದೇ ಕಂಪನಿಯ ಕಾರು. ಹೆಸರು ಹೇಳುವುದಿಲ್ಲ, ಹೇಳದಿದ್ದರೂ ನಡೆಯುತ್ತದೆ. ಮ್ಯಾನೇಜರ್ ನನ್ನ ಅರ್ಜಿಯ ಮೇಲೆ ಬೆರಳಿಟ್ಟು, "ನಿಜವಾಗಿಯೂ ಜರ್ಮನ್ ಬರುತ್ತದಾ?" ಎಂದು ಕೇಳಿದ. ಎರಡು ವಾಕ್ಯ ಮಾತಾಡಿ ತೋರಿಸಿದೆ. ಅವನಿಗೆ ಒಂದಕ್ಷರವೂ ತಿಳಿಯಲಿಲ್ಲ. ಸೋಮವಾರದಿಂದ ಬಾ ಅಂದ.

ನನಗಿಂತ ಹೆಚ್ಚು ಖುಷಿಪಟ್ಟವರು ನನ್ನ ಗಂಡ. ಅವರು ಹುಬ್ಬಳ್ಳಿಯವರು, ವಾನ್ ಎಂಬ ಊರಿನ ಒಂದು ಕಾರ್ಖಾನೆಯಲ್ಲಿ ಕಾರಿನ ಬಿಡಿಭಾಗ ತಯಾರಿಸುವ ಕೆಲಸ. ಚಿಕ್ಕವರಿದ್ದಾಗ ಹುಬ್ಬಳ್ಳಿಯಲ್ಲಿ ಒಬ್ಬ ಹತ್ತಿ ವ್ಯಾಪಾರಿಯ ಹತ್ತಿರ ಆ ಕಂಪನಿಯ ಕಾರು ಇತ್ತಂತೆ. "ಅದರ ಬಾಗಲಾ ಹಾಕಿದ ಸಪ್ಪಳ ಕೇಳ್ಬೇಕು ನೀ. ಧಪ್ ಅಂತದ, ಠಣ್ ಅನ್ನೂದಿಲ್ಲ," ಎಂದು ಮದುವೆಯಾದ ಹೊಸದರಲ್ಲೇ ನನಗೆ ಹೇಳಿದ್ದರು. ಯಾವ ವರ್ಷ ಯಾವ ಎಂಜಿನ್ ಬಂತು, ಯಾವ ರೇಸು ಗೆದ್ದರು, ಎಲ್ಲ ಬಾಯಿಪಾಠ. ಹೊಸದು ಕೊಳ್ಳುವುದು ಕನಸಿನ ಮಾತು. ಆದರೆ ನಾನು ಅಲ್ಲಿ ಸೇರಿದ ಮೇಲೆ, ಯಾರಾದರೂ ಚೆನ್ನಾಗಿ ಇಟ್ಟುಕೊಂಡ ಹಳೆಯದನ್ನು ತಿರುಗಿ ಕೊಟ್ಟರೆ ಮೊದಲು ತಮಗೇ ಹೇಳಬೇಕೆಂದು ತಾಕೀತು ಮಾಡಿದರು.

ಶೋರೂಮಿನ ಒಂದು ಗೋಡೆಯ ಉದ್ದಕ್ಕೂ ಕಂಪನಿಯ ಚರಿತ್ರೆಯ ಫೋಟೋಗಳಿದ್ದವು. ಮೀಸೆಯ ಸ್ಥಾಪಕರು, ಸೈಕಲ್ ಗಾಲಿಯಂಥ ಗಾಲಿಗಳ ಮೊದಲ ಕಾರು, ಧೂಳೆಬ್ಬಿಸುವ ರೇಸುಗಳು. ಕಾರು ಸರ್ವೀಸಿಗೆ ಬಿಟ್ಟು ಕಾಯುತ್ತಿದ್ದ ಗಿರಾಕಿಗಳಿಗೆ ನಾನು ಆ ಗೋಡೆಯ ಕತೆ ಹೇಳುವುದು ರೂಢಿಯಾಯಿತು. ಕೌಂಟರಿನ ಹಿಂದೆ ಕೂತಿರುವುದಕ್ಕಿಂತ ಅದು ವಾಸಿ. ಸೇಲ್ಸ್ ಹುಡುಗರಿಗೆ ಜರ್ಮನ್ ಹೆಸರುಗಳ ಉಚ್ಚಾರ ಕಲಿಸಿದೆ. ಒಂದು ರೇಸಿನ ಫೋಟೋ ಆದಮೇಲೆ ಮುಂದಿನದು ಎರಡನೇ ಮಹಾಯುದ್ಧ ಮುಗಿದು ಎಷ್ಟೋ ವರ್ಷಗಳ ನಂತರದ ಬೆಳ್ಳಿ ಬಣ್ಣದ ಕಾರು. ಅಲ್ಲಿ ಏನೋ ಜಿಗಿದು ಹೋಗಿದೆ ಎಂದು ನನಗೆ ಹೊಳೆದದ್ದೇ ಇಲ್ಲ. ಎರಡು ಫೋಟೋಗಳ ನಡುವೆ ನಾನೂ ಜಿಗಿಯುತ್ತಿದ್ದೆ.

ಇಸವಿ ಎರಡು ಸಾವಿರ ದಾಟಿದ ಮೇಲಿನ ಮಾತು. ಒಂದು ಮಧ್ಯಾಹ್ನ ಸುಮಾರು ಎಪ್ಪತ್ತೈದರ ಒಬ್ಬ ಅಜ್ಜಿ ಒಳಗೆ ಬಂದರು. ತಲೆಗೆ ಹೂವಿನ ವಸ್ತ್ರ, ಕೈಯಲ್ಲಿ ಬಟ್ಟೆಯ ಚೀಲ. ಕಾರುಗಳ ಕಡೆ ನೋಡಲಿಲ್ಲ. ಗೋಡೆಯ ಫೋಟೋಗಳನ್ನು ಒಂದೊಂದಾಗಿ ನೋಡುತ್ತ ಆ ತುದಿಯಿಂದ ಈ ತುದಿಗೆ ಬಂದರು, ಮತ್ತೆ ಹಿಂದಕ್ಕೆ ಹೋದರು. ಸೇಲ್ಸಿನವನೊಬ್ಬ ಅವರನ್ನು ನನ್ನ ಕೌಂಟರಿಗೆ ಕರೆತಂದು, "ವಾರಂಟಿ ವಿಷಯ ಇರಬೇಕು," ಎಂದು ಬಿಟ್ಟುಹೋದ.

ಅಜ್ಜಿ ಒಡೆದ ಇಂಗ್ಲಿಷಿನಲ್ಲಿ ಹೇಳಿದರು: "ನಾನು ನಿಮ್ಮ ಕಂಪನಿಯಲ್ಲಿ ಕೆಲಸ ಮಾಡಿದ್ದೆ. ಎರಡೂವರೆ ವರ್ಷ. ನನಗೆ ಕಾಗದ ಬೇಕು."

"ಇದೇ ಡೀಲರ್‌ಶಿಪ್ಪಿನಲ್ಲಾ?"

"ಜರ್ಮನಿಯಲ್ಲಿ. ಯುದ್ಧದಲ್ಲಿ."

ಜರ್ಮನ್ನರೇ ಇರಬೇಕು, ಇಂಗ್ಲಿಷಿಗೆ ಒದ್ದಾಡುತ್ತಿದ್ದಾರೆ ಎಂದುಕೊಂಡೆ. ಬಹಳ ದಿನಗಳ ಮೇಲೆ ಆ ಭಾಷೆಯಲ್ಲಿ ಮಾತಾಡಲು ಒಬ್ಬರು ಸಿಕ್ಕರೆಂಬ ಉತ್ಸಾಹದಲ್ಲಿ, "ದಯವಿಟ್ಟು ಕೂತುಕೊಳ್ಳಿ," ಎಂದು ಜರ್ಮನ್ನಿನಲ್ಲಿ ಹೇಳಿದೆ. ಅಜ್ಜಿ ಕೂರಲಿಲ್ಲ. ಬೆನ್ನು ನೆಟ್ಟಗೆ ಮಾಡಿ, ಎರಡೂ ಕೈ ಪಕ್ಕಕ್ಕೆ ಇಳಿಬಿಟ್ಟು ನಿಂತುಬಿಟ್ಟರು. "ಆ ಭಾಷೆ ಬೇಡ. ಪ್ಲೀಸ್," ಎಂದರು.

ಅವರು ಉಕ್ರೇನಿನವರು. ಹದಿನಾರನೇ ವಯಸ್ಸಿನಲ್ಲಿ ಹಳ್ಳಿಯಿಂದ ಜರ್ಮನ್ ಸೈನಿಕರು ಹಿಡಿದು, ದನ ಸಾಗಿಸುವ ರೈಲು ಡಬ್ಬಿಯಲ್ಲಿ ತುಂಬಿ, ಈ ಕಂಪನಿಯ ಕಾರ್ಖಾನೆಗೆ ತಂದಿದ್ದರು. ಆಗ ಅಲ್ಲಿ ಯುದ್ಧವಿಮಾನದ ಎಂಜಿನ್ ತಯಾರಾಗುತ್ತಿತ್ತು. ತಂತಿ ಬೇಲಿಯೊಳಗಿನ ಶೆಡ್ಡಿನಲ್ಲಿ ವಾಸ, ದಿನಕ್ಕೆ ಹನ್ನೆರಡು ಗಂಟೆ ನಿಂತು ಕೆಲಸ. ಅಂಥವರಿಗೆ ಜರ್ಮನಿಯ ಸರ್ಕಾರವೂ ಕಂಪನಿಗಳೂ ಸೇರಿ ಈಗ ಪರಿಹಾರ ಕೊಡುತ್ತಿವೆ, ಕೆಲಸ ಮಾಡಿದ್ದಕ್ಕೆ ದಾಖಲೆ ಬೇಕು ಎಂದು ಅವರ ಚರ್ಚಿನಲ್ಲಿ ಯಾರೋ ಹೇಳಿದ್ದರು.

"ಇದು ಬರೀ ಕಾರು ಮಾರುವ ಅಂಗಡಿ. ಕಾರ್ಖಾನೆಯವರು ಬೇರೆ," ಎಂದೆ.

ಅಜ್ಜಿ ಕಿಟಕಿಯಾಚೆಯ ದೊಡ್ಡ ಬೋರ್ಡಿನ ಕಡೆ ಕೈ ತೋರಿಸಿದರು. "ಗುರುತು ಅದೇ."

ಲಂಚ್ ಸಮಯದಲ್ಲಿ ಅವರನ್ನು ಪಕ್ಕದ ಕಾಫಿ ಅಂಗಡಿಗೆ ಕರೆದೊಯ್ದು ಹೆಸರು, ಹಳ್ಳಿ, ಶೆಡ್ಡಿನ ನಂಬರು ಎಲ್ಲ ಬರೆದುಕೊಂಡೆ. ಕಾರ್ಖಾನೆಯ ಹಳೆಯ ದಾಖಲೆಗಳ ವಿಭಾಗಕ್ಕೆ ಜರ್ಮನ್ನಿನಲ್ಲಿ ಪತ್ರ ಬರೆಯುತ್ತೇನೆಂದು ಮಾತು ಕೊಟ್ಟೆ. ಮ್ಯಾನೇಜರ್ ಬೇಡ ಅನ್ನಲಿಲ್ಲ. ನಮ್ಮ ಲೆಟರ್‌ಹೆಡ್ ಮಾತ್ರ ಬಳಸಬೇಡ ಅಂದ.

ಅದೇ ವಾರ ಒಂದು ಹಳೆಯ ಕಾರು ನಮ್ಮಲ್ಲಿಗೆ ಬಂದಿತ್ತು. ಕಡುನೀಲಿ ಬಣ್ಣ, ಒಬ್ಬ ಡೆಂಟಿಸ್ಟ್ ಇಟ್ಟುಕೊಂಡಿದ್ದದ್ದು. ನನ್ನ ಗಂಡ ಎರಡು ಸಲ ಬಂದು ಕೆಳಗೆ ಮಲಗಿ ನೋಡಿಹೋಗಿದ್ದರು. ನಾನು ಅಜ್ಜಿಯ ಸಂಗತಿ ಹೇಳಿದಾಗ ಅವರು ತಟ್ಟೆಯಿಂದ ತಲೆ ಎತ್ತಲಿಲ್ಲ.

"ಯುದ್ಧದಾಗ ಎಲ್ಲಾ ಕಂಪ್ನಿಗಳೂ ಹಂಗ ಮಾಡ್ಯಾವ. ಈಗಿದ್ದೋರು ಏನ್ ಮಾಡ್ಯಾರ ಪಾಪ?"

"ಈಗಿದ್ದೋರು ಮಾಡ್ಯಾರ ಅಂತ ನಾ ಎಲ್ಲಿ ಅಂದೇನ್ರಿ? ನಿಮಗ ಎಲ್ಲಾ ವರ್ಷದ ಎಂಜಿನ್ ಗೊತ್ತದ, ಆ ನಾಲ್ಕೈದು ವರ್ಷದ್ದು ಗೊತ್ತಿತ್ತೇನು?"

"ಇಲ್ಲ." ತಟ್ಟೆ ಪಕ್ಕಕ್ಕೆ ಸರಿಸಿ, "ಶನಿವಾರ ಕಾರ್ ತರೂದೋ ಬ್ಯಾಡೋ, ಅದನ್ನ ಹೇಳು," ಅಂದರು.

ನಮ್ಮಿಬ್ಬರ ಮುಖ ನೋಡುತ್ತಿದ್ದ ಮಗಳು, "ಆರ್ ವಿ ನಾಟ್ ಗೆಟಿಂಗ್ ದ ಕಾರ್?" ಎಂದಳು. ನಾನು ತರುವುದೆಂದೆ. ಇಪ್ಪತ್ತೈದು ವರ್ಷದ ಆಸೆಗೆ ಅಡ್ಡ ನಿಲ್ಲುವ ಧೈರ್ಯ ನನಗಿರಲಿಲ್ಲ. ಕಾರು ಬಂತು. ಬಾಗಿಲು ಧಪ್ ಎಂದೇ ಅಂದಿತು. ಅದರೊಳಗೆ ಕೂತಾಗಲೆಲ್ಲ ನನಗೆ ಎಲ್ಲಾದರೂ ಇಳಿದು ನಡೆಯೋಣ ಅನ್ನಿಸುತ್ತಿತ್ತು. ಕೆಲಸದಲ್ಲೂ ಹಾಗೇ. ಊಟದ ಹೊತ್ತಿನಲ್ಲಿ ಪಾರ್ಕಿಂಗ್ ಲಾಟಿನ ಸುತ್ತ ಸುಮ್ಮನೆ ಸುತ್ತು ಹಾಕುತ್ತಿದ್ದೆ.

ಅಜ್ಜಿಯ ಅಪಾರ್ಟ್‌ಮೆಂಟು ಎಟೋಬಿಕೋದಲ್ಲಿ. ಪತ್ರಕ್ಕೆ ಉತ್ತರ ಬರುವವರೆಗೆ ನಾಲ್ಕಾರು ಸಲ ಬಸ್ಸಿನಲ್ಲಿ ಹೋಗಿಬಂದೆ. ಅವರು ಕಪ್ಪು ಬ್ರೆಡ್ಡು, ಬೀಟ್‌ರೂಟಿನ ಸಾರು ಕೊಡುತ್ತಿದ್ದರು. ಮಾಂಸ ತಿನ್ನುವುದಿಲ್ಲ ಎಂದಿದ್ದಕ್ಕೆ ನನಗಾಗಿ ಬೇರೆ ಪಾತ್ರೆಯಲ್ಲಿ ಮಾಡುತ್ತಿದ್ದರು. ಒಂದು ದಿನ ತಮ್ಮ ಕೆಲಸ ಹೇಗಿತ್ತೆಂದು ತೋರಿಸಿದರು. ಉಕ್ಕಿನ ಸಣ್ಣ ಬಳೆಗಳನ್ನು ಅಳತೆಯ ಗೇಜಿನಿಂದ ಪರೀಕ್ಷಿಸುವುದು. ಗೇಜಿನ ಒಂದು ತುದಿ ಬಳೆಯೊಳಗೆ ಹೋಗಬೇಕು, ಇನ್ನೊಂದು ತುದಿ ಹೋಗಬಾರದು. ಹೋದರೆ ಅದು ಕೆಟ್ಟ ಮಾಲು. ಗೇಜಿನ ಬದಲು ಒಂದು ಚಮಚ ಹಿಡಿದು ಅವರ ಬೆರಳುಗಳು ಎಷ್ಟು ಚುರುಕಾಗಿ ಆಡಿದವು!

"ನಾನು ಒಳ್ಳೆ ಕೆಲಸಗಾರ್ತಿ. ನನ್ನ ಕೈಯಿಂದ ಹೋದದ್ದು ಒಂದೂ ವಾಪಸು ಬರಲಿಲ್ಲ," ಎಂದು ನಕ್ಕರು. ಮರುಕ್ಷಣ ಚಮಚವನ್ನು ಮೇಜಿನ ಮೇಲೆ ಕುಕ್ಕಿದರು. "ಆ ವಿಮಾನಗಳು ಎಲ್ಲಿ ಹೋದವು? ಯಾರ ಮನೆ ಮೇಲೆ? ನಾನು ಚೆನ್ನಾಗಿ ಯಾಕೆ ಮಾಡಿದೆ, ಹೇಳು."

"ಕೆಟ್ಟದಾಗಿ ಮಾಡಿದ್ದರೆ ಹೊಡೆಯುತ್ತಿರಲಿಲ್ಲವೇ?"

"ಹೊಡೆಯುತ್ತಿದ್ದರು. ಆದರೆ ನಾನು ಹೆದರಿ ಮಾತ್ರ ಮಾಡಲಿಲ್ಲ. ನನಗೆ ಸರಿಯಾಗಿ ಮಾಡಬೇಕು ಅನ್ನಿಸುತ್ತಿತ್ತು." ಅದನ್ನು ಐವತ್ತೈದು ವರ್ಷ ಯಾರಿಗೂ ಹೇಳಿರಲಿಲ್ಲವಂತೆ, ಮಗನಿಗೂ.

ಉತ್ತರ ಬಂದದ್ದು ಮೂರು ತಿಂಗಳ ಮೇಲೆ. ಬಹಳ ಸೌಜನ್ಯದ ಪತ್ರ. ಹಳೆಯ ಪಟ್ಟಿಯಲ್ಲಿ ಅಜ್ಜಿಯ ಹೆಸರು ಸಿಕ್ಕಿತ್ತು. ಅವರ ಅಡುಗೆಮನೆಯಲ್ಲಿ ಕೂತು ಒಂದೊಂದೇ ಸಾಲು ಇಂಗ್ಲಿಷಿಗೆ ತಿರುಗಿಸುತ್ತ ಹೋದೆ. ಅವರ ಮಗನೂ ಬಂದಿದ್ದ, ಟ್ರಕ್ ಓಡಿಸುವ ದೊಡ್ಡ ಆಳು. "ಇಂತಿಂಥ ಅವಧಿಯಲ್ಲಿ ಇವರು ನಮ್ಮಲ್ಲಿ..." ಎಂಬಲ್ಲಿ ನನ್ನ ನಾಲಿಗೆ ತಡೆಯಿತು. ಅಲ್ಲಿದ್ದ ಪದಕ್ಕೆ 'ನೌಕರಿಯಲ್ಲಿದ್ದರು' ಎಂದು ಅರ್ಥ. ಆ ಪದ ಬಿಟ್ಟು ಬೇರೆ ಹೇಳಬಹುದಿತ್ತು. ಇದ್ದದ್ದನ್ನೇ ಹೇಳಿದೆ.

"ನೌಕರಿ?" ಅಜ್ಜಿ ಕೇಳಿದರು. "ನಾನು ಅರ್ಜಿ ಹಾಕಿದ್ದೆನೇ?"

"ಅಮ್ಮ, ಅದೊಂದು ಪದ ಅಷ್ಟೇ. ಪರಿಹಾರದ ಅರ್ಜಿಗೆ ಸಹಿ ಹಾಕು. ಕೊನೇ ದಿನ ಹತ್ತಿರ ಬಂತು," ಎಂದ ಮಗ.

"ಪದ ಬದಲಾಗಲಿ. ಆಮೇಲೆ ಸಹಿ."

ಮಗ ನನ್ನ ಕಡೆ ತಿರುಗಿ, "ನೀವು ಅದನ್ನು ಓದಲೇಬೇಕಿತ್ತಾ?" ಎಂದು ಎದ್ದು ಬಾಲ್ಕನಿಗೆ ಹೋದ. ನನಗೂ ಹಾಗೇ ಅನ್ನಿಸಿತು. ಅಲ್ಲೇ ಕೂತು ಎರಡನೇ ಪತ್ರ ಬರೆದೆ. ಮುಂದಿನ ಐದು ವಾರ ಮೇಲ್‌ಬಾಕ್ಸನ್ನು ದಿನಕ್ಕೆ ಎರಡು ಸಲ ತೆಗೆದೆ, ಭಾನುವಾರವೂ. ನನ್ನ ಶುದ್ಧ ಅನುವಾದದಿಂದಾಗಿ ಆ ಮುದುಕಿಗೆ ಏನೂ ಸಿಗದೆ ಹೋದರೆ ಎಂಬ ದಿಗಿಲು ಎದೆಯಲ್ಲಿ ಕೂತುಬಿಟ್ಟಿತ್ತು. ಅನ್ನ ತಳ ಹಿಡಿಯಿತು, ಮಗಳ ಸ್ಕೂಲಿನ ಮೀಟಿಂಗು ಮರೆತೆ.

ಪತ್ರ ಬಂದ ದಿನ ವಿಪರೀತ ಹಿಮ, ಬಸ್ಸುಗಳು ನಿಂತಿದ್ದವು. ನನ್ನ ಗಂಡ ನನ್ನನ್ನು ನೋಡಿ ಏನೂ ಕೇಳದೆ ಕೀಲಿ ತೆಗೆದುಕೊಂಡರು. "ನಡಿ, ಬಿಟ್ಟು ಬರ್ತೀನಿ." ಅಲ್ಲಿ ಮುಟ್ಟಿದಮೇಲೆ ನಾನು ಒತ್ತಾಯ ಮಾಡಿದ್ದಕ್ಕೆ ಮೇಲಕ್ಕೂ ಬಂದರು.

ಈ ಸಲ ಪತ್ರದಲ್ಲಿ ಕ್ಷಮೆಯಿತ್ತು. 'ನೌಕರಿ' ಹೋಗಿ, ಬಲವಂತದಿಂದ ದುಡಿಸಿಕೊಂಡ ಹೆಂಗಸು ಎಂಬ ಅರ್ಥದ ಒಂದೇ ಉದ್ದನೆಯ ಪದ ಬಂದಿತ್ತು. ಓದಿ ಹೇಳಿದೆ. ಅಜ್ಜಿ ಕನ್ನಡಕ ತೆಗೆದು ಒರೆಸಿ, ಹಾಕಿಕೊಂಡು, ಆ ಪದದ ಕೆಳಗೆ ಉಗುರಿನಿಂದ ಗೆರೆ ಎಳೆದರು. ಪರಿಹಾರದ ಅರ್ಜಿ ತೆಗೆದು ನಿಧಾನವಾಗಿ ಸಹಿ ಹಾಕಿದರು.

ಚಹಾ ಕುಡಿಯುವಾಗ ನನ್ನ ಗಂಡನ ಕೆಲಸ ಏನೆಂದು ಕೇಳಿದರು. ಕಾರ್ಖಾನೆ ಎಂದು ತಿಳಿದೊಡನೆ ಗೇಜಿನ ಮಾತು ಬಂತು. ಇವರೂ ದಿನವೂ ಅಂಥದೇ ಗೇಜು ಹಿಡಿಯುವವರು. ಗೇಜು ಸವೆದರೆ ಹೇಗೆ ತಿಳಿಯುವುದು, ಚಳಿಯಲ್ಲಿ ಲೋಹ ಎಷ್ಟು ಕುಗ್ಗುತ್ತದೆ ಎಂದು ಇಬ್ಬರೂ ಅರ್ಧ ಗಂಟೆ ಮಾತಾಡಿದರು. ಹೊರಡುವಾಗ ಅಜ್ಜಿ, "ಈ ಹಿಮದಲ್ಲಿ ಯಾವ ಕಾರಿನಲ್ಲಿ ಬಂದಿರಿ?" ಎಂದರು.

ನನ್ನ ಗಂಡ ಕೀಲಿಯಿದ್ದ ಕೈಯನ್ನು ಕೋಟಿನ ಜೇಬಿನೊಳಗೆ ತೂರಿಸಿದರು. ನಾನು ಬೂಟು ಹಾಕಿಕೊಳ್ಳಲು ಬಾಗಿದೆ. ಅಜ್ಜಿ ಕಿಟಕಿಗೆ ಹೋಗಿ ಕೆಳಗೆ ನೋಡಿದರು. ಹಿಮದಲ್ಲಿ ಪೂರ್ತಿ ಮುಚ್ಚಿಹೋಗದ ಕಾರು ಅಲ್ಲಿ ನಮ್ಮದೊಂದೇ.

"ಒಳ್ಳೆಯ ಕಾರು," ಎಂದರು. "ಅವರ ಕೆಲಸ ನನಗೆ ಗೊತ್ತು. ಹುಷಾರಾಗಿ ಓಡಿಸು."

ವಾಪಸು ಬರುವಾಗ ಹೈವೇ ಹತ್ತಿದ ಮೇಲೆ ನನ್ನ ಗಂಡ, "ಅಕಿ ಬೈದಿದ್ರ ಛೊಲೊ ಇತ್ತು," ಅಂದರು. ಅವರ ಕಣ್ಣು ರಸ್ತೆಯ ಮೇಲೇ ಇತ್ತು.

ಅಜ್ಜಿಯ ಅರ್ಜಿ ಮಂಜೂರಾಯಿತು. ನಾನು ಮ್ಯಾನೇಜರನ್ನು ಕಂಡು, ಗೋಡೆಯ ಎರಡು ಫೋಟೋಗಳ ನಡುವೆ ಒಂದು ಸಾಲು ಹಾಕಿಸೋಣವೇ ಎಂದು ಕೇಳಿದೆ. ಅವನು ಕೆಟ್ಟವನಲ್ಲ. "ಜನ ಇಲ್ಲಿಗೆ ಕಾರು ಕೊಳ್ಳಲು ಬರುತ್ತಾರೆ. ಗೋಡೆ ನನ್ನದಲ್ಲ," ಅಂದ. ಆಮೇಲೂ ಆರು ತಿಂಗಳು ಅಲ್ಲಿದ್ದೆ. ಗೋಡೆಯ ಕತೆ ಹೇಳುವಾಗ ಆ ಜಾಗ ಬಂದಾಗಲೆಲ್ಲ ಮಾತು ತೊಡರುತ್ತಿತ್ತು. ಒಮ್ಮೆ ಕಾಯುತ್ತಿದ್ದ ದಂಪತಿಗೆ, ಯುದ್ಧದ ವರ್ಷಗಳಲ್ಲಿ ಅಲ್ಲಿ ದುಡಿದವರಲ್ಲಿ ಬಹಳ ಮಂದಿ ಬಲವಂತವಾಗಿ ಹಿಡಿದು ತಂದಿದ್ದ ಜನ ಎಂದು ಹೇಳಿಬಿಟ್ಟೆ. ಅವರು ತಲೆದೂಗಿ, ತಮ್ಮ ಕಾರು ಯಾವಾಗ ಸಿದ್ಧವಾಗುತ್ತದೆ ಎಂದು ಕೇಳಿದರು. ಯಾರೂ ನನ್ನನ್ನು ಕೆಲಸದಿಂದ ತೆಗೆಯಲಿಲ್ಲ. ಬರ್ಲಿಂಗ್ಟನ್ನಿನ ಒಂದು ಆಫೀಸಿನಲ್ಲಿ ಯಂತ್ರಗಳ ಕೈಪಿಡಿ ಅನುವಾದಿಸುವ ಕೆಲಸ ಸಿಕ್ಕಿತು, ನಾನೇ ಬಿಟ್ಟೆ. ಅಜ್ಜಿ ಮಗನ ಸಂಸಾರದ ಜೊತೆ ಪಶ್ಚಿಮದ ಕಡೆ ಹೊರಟುಹೋದರು. ಎರಡು ವರ್ಷ ಕ್ರಿಸ್‌ಮಸ್ ಕಾರ್ಡು ಬಂತು, ಮೂರನೇ ವರ್ಷ ಬರಲಿಲ್ಲ.

ಕಾರನ್ನು ನಾವು ಒಂಬತ್ತು ವರ್ಷ ಓಡಿಸಿದೆವು. ಒಂದು ಯುಗಾದಿಗೆ ಕನ್ನಡದವರೆಲ್ಲ ಊಟಕ್ಕೆ ಸೇರಿದ್ದಾಗ, ಮೈಸೂರಿನ ಗೆಳೆಯರೊಬ್ಬರು ಅಂಥದೇ ಕಾರು ಕೊಳ್ಳುವ ಯೋಚನೆಯಲ್ಲಿ ನನ್ನ ಗಂಡನನ್ನು ವಿಚಾರಿಸಿದರು. ಇವರು ಎಂಜಿನ್ನು, ಬ್ರೇಕು, ಮೈಲೇಜು ಎಲ್ಲ ಹೇಳಿ, "ಹಿಂದಿನ ಹಿಸ್ಟರಿ ಬೇಕಿದ್ರ ನಮ್ಮನಿಯಾಕಿನ್ನ ಕೇಳ್ರಿ," ಎಂದು ಎದ್ದು ಮೊಸರನ್ನ ಬಡಿಸಲು ಹೋದರು. ಗೆಳೆಯರು ನನ್ನ ಕಡೆ ನೋಡಿದರು. ನಾನು ಹೇಳಿದೆ, ಮೊದಲಿನಿಂದ ಕೊನೆಯವರೆಗೆ. ಅವರ ತಟ್ಟೆಯ ಹೋಳಿಗೆ ಹಾಗೇ ಆರಿತು.

ಮುಂದಿನ ತಿಂಗಳು ಅವರ ಫೋನು ಬಂತು. "ಮೇಡಂ, ಆ ಕಾರೇ ತಗೊಂಡ್ವಿ," ಅಂದರು, ಏನೋ ತಪ್ಪು ಮಾಡಿದವರ ದನಿಯಲ್ಲಿ. "ನೀವು ಹೇಳಿದ್ದನ್ನ ಮನೇಲೂ ಹೇಳ್ದೆ. ಆದ್ರೂ..."

"ಛೊಲೊ ಕಾರ್ ಅದ್ರಿ," ಎಂದೆ. ಫೋನು ಹಿಡಿದುಕೊಂಡೇ ಅಡುಗೆಮನೆಯಿಂದ ಹಜಾರಕ್ಕೆ, ಹಜಾರದಿಂದ ಅಡುಗೆಮನೆಗೆ ನಡೆಯುತ್ತಿದ್ದೆ. "ಆಯಿಲ್ ಮಾತ್ರ ಟೈಮಿಗೆ ಸರಿಯಾಗಿ ಬದಲಿಸ್ರಿ."